ಹಚ್ಚೆ ಮೇಲೆ ಅಂಟಿಸುವ ಫಿಲ್ಮ್: ಕರಾವಳಿಯಲ್ಲಿ ಎರಡು ಸೆಕೆಗಾಲ, ಎರಡು ಮಳೆಗಾಲ ಕಳೆದ ಮೇಲೆ

ಹೊಸದಾಗಿ ಹಾಕಿಸಿದ ಹಚ್ಚೆ ಮಾಯುವಾಗ ಅದರ ಮೇಲೆ ಅಂಟಿಸುವ, ಟ್ಯಾಟೂ ಸ್ಟುಡಿಯೋಗಳಲ್ಲಿ ‘ಸೆಕೆಂಡ್ ಸ್ಕಿನ್’ ಎನ್ನುವ ಪಾರದರ್ಶಕ ಫಿಲ್ಮ್ ಇದು. ಆಸ್ಪತ್ರೆಯಲ್ಲಿ ಡ್ರಿಪ್ ಸೂಜಿ ಅಲ್ಲಾಡದಂತೆ ಅಂಟಿಸುತ್ತಾರಲ್ಲ, ಅದರದೇ ಜಾತಿ: ತೆಳು ಪಾಲಿಯುರೆಥೇನ್ ಹಾಳೆ, ಒಂದು ಮಗ್ಗುಲಿಗೆ ಅಕ್ರಿಲಿಕ್ ಅಂಟು. ಮಂಗಳೂರು, ಉಡುಪಿ ಕಡೆಯ ಹವೆಯಲ್ಲಿ ಬಳಸಿದ ಮೇಲೆ 5ಕ್ಕೆ 3.5 ಕೊಡಬಹುದು. ವಸ್ತು ಚೆನ್ನಾಗಿದೆ. ಪೊಟ್ಟಣದ ಮೇಲಿನ ದಿನದ ಲೆಕ್ಕ ಮಾತ್ರ ನಮ್ಮ ಊರಿಗೆ ಹೊಂದುವುದಿಲ್ಲ.

ಫಿಲ್ಮ್ ನೀರನ್ನು ಒಳಗೆ ಬಿಡುವುದಿಲ್ಲ, ಆವಿಯನ್ನು ಹೊರಗೆ ಬಿಡುತ್ತದೆ. ಆದರೆ ಹೊರಗಿನ ಗಾಳಿಯಲ್ಲೇ ತೇವ ತುಂಬಿದ್ದರೆ ಆವಿ ಹೋಗುವುದು ನಿಧಾನ. ಬೆವರು ಮಾತ್ರ ಬರುತ್ತಲೇ ಇರುತ್ತದೆ. ಹಾಗಾಗಿ ‘ಮೊದಲ ತುಂಡು 24 ಗಂಟೆ, ಎರಡನೆಯದು 5 ದಿನ’ ಎಂಬ ಸೂಚನೆ ಏಸಿ ಕೋಣೆಯಲ್ಲಿ ಕೂತವರಿಗೆ ಸರಿ. ಇಲ್ಲಿ ಎರಡನೆಯ ತುಂಡನ್ನು ಎರಡು, ಹೆಚ್ಚೆಂದರೆ ಮೂರು ದಿನಕ್ಕೆ ತೆಗೆದರೆ ಕ್ಷೇಮ.

ಸೋಲುವುದು ಹೆಚ್ಚಾಗಿ ಅಂಟಿಸುವಾಗಲೇ. ವಾಸನೆಯಿಲ್ಲದ ಲಿಕ್ವಿಡ್ ಸೋಪಿನಲ್ಲಿ ತೊಳೆದು, ಪೇಪರ್ ಟವೆಲ್ ಒತ್ತಿ ಒರೆಸಿ (ಬೈರಾಸು ಬೇಡ, ಅದರಲ್ಲಿ ನೂಲೂ ಇರುತ್ತದೆ, ಮನೆಮಂದಿಯ ಬೆವರೂ ಇರುತ್ತದೆ), ಫ್ಯಾನಿನಡಿ ಹತ್ತು ನಿಮಿಷ ಕೂರಬೇಕು. ಕ್ರೀಮು, ಜೆಲ್ಲಿ ಏನೂ ಹಚ್ಚಬಾರದು, ಅಂಟು ಕೂರುವುದಿಲ್ಲ. ಹಚ್ಚೆಯ ಸುತ್ತ ಎಲ್ಲ ಕಡೆ 2.5 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ನಾಲ್ಕೂ ಮೂಲೆ ದುಂಡಗೆ ಮಾಡಿ; ಚೂಪು ಮೂಲೆ ಅಂಗಿಗೆ ತಾಗಿ ಮೊದಲು ಏಳುತ್ತದೆ. ಎಳೆದು ಬಿಗಿಯಾಗಿ ಅಂಟಿಸಬೇಡಿ. ಎಳೆದ ಫಿಲ್ಮ್ ಮತ್ತೆ ಕುಗ್ಗುವಾಗ ಚರ್ಮವನ್ನೂ ಎಳೆದು ಅಂಚಿನಲ್ಲಿ ಬೊಕ್ಕೆ ಏಳಿಸುತ್ತದೆ. ಅಂಗೈಯಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ, ಅಂಟು ಹಿಡಿಯಲು ಮೈಶಾಖವೇ ಸಾಕು.

ಮೊದಲ ರಾತ್ರಿ ಒಳಗೆ ಕಪ್ಪು ನೀರು ನಿಂತು ಚೀಲದಂತೆ ಜೋತು ಬೀಳುತ್ತದೆ. ಶೇಡಿಂಗ್ (ಛಾಯೆ ತುಂಬಿದ ಭಾಗ) ಜಾಸ್ತಿ ಇದ್ದರೆ ಒಂದೆರಡು ಚಮಚದಷ್ಟಾದರೂ ಸೇರಬಹುದು. ಬಣ್ಣವೆಲ್ಲ ಸೋರಿಹೋಯಿತು ಎಂದು ಗಾಬರಿಯಾಗುವುದು ಇಲ್ಲೇ. ಅದು ಪ್ಲಾಸ್ಮಾ (ರಕ್ತದ ತಿಳಿ ದ್ರವ), ಸ್ವಲ್ಪ ರಕ್ತ, ಮೇಲ್ಪದರದಲ್ಲಿ ಉಳಿದ ಶಾಯಿ. ಹಚ್ಚೆಯ ಬಣ್ಣ ಕೂತಿರುವುದು ಅದಕ್ಕಿಂತ ಕೆಳಗಿನ ಪದರದಲ್ಲಿ. ಚೀಲ ಅಂಚಿನಿಂದ ದೂರವಿದ್ದರೆ ಬಿಡಿ. ಚೀಲದಿಂದ ಅಂಚಿನವರೆಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಮಾತ್ರ ಆ ತುಂಡಿನ ಆಯಸ್ಸು ಮುಗಿಯಿತು: ಒಳಗಿನದು ಹೊರಬರುವ ದಾರಿಯಲ್ಲೇ ಹೊರಗಿನ ಕೊಳೆ ಒಳಹೋಗುತ್ತದೆ. ಮೇಲಿಂದ ಟೇಪು ಸುತ್ತಿ ‘ರಿಪೇರಿ’ ಮಾಡುವುದಕ್ಕಿಂತ ಕೆಟ್ಟ ಉಪಾಯವಿಲ್ಲ.

ಅಲರ್ಜಿಯ ಗುರುತು ಸುಲಭ. ಫಿಲ್ಮಿನ ಆಕಾರದಲ್ಲೇ, ಅಂಚು ಕೊರೆದಂತೆ, ಕೆಂಪು ಮತ್ತು ತುರಿಕೆ ಬಂದರೆ ಅದು ಅಂಟಿನದು. ಅಂಥವರು ಮತ್ತೆ ಬಳಸಲೇಬಾರದು. ಹಚ್ಚೆಗೆ ಮೊದಲೇ ಒಳತೋಳಿಗೆ ಒಂದಿಂಚಿನ ತುಂಡು ಎರಡು ದಿನ ಅಂಟಿಸಿ, ತೆಗೆದ ಮೇಲೂ ಒಂದೆರಡು ದಿನ ನೋಡಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ಸಾಸಿವೆಯಂಥ ಬಿಡಿಬಿಡಿ ಗುಳ್ಳೆಯಾದರೆ ಬೆವರುಸಾಲೆ. ಫಿಲ್ಮ್ ತೆಗೆದು ಗಾಳಿಗೆ ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಕೀವು, ಜ್ವರ, ದಿನದಿನಕ್ಕೆ ಹರಡುವ ಕೆಂಪು ಇದ್ದರೆ ಸ್ಟುಡಿಯೋಗೆ ಫೋಟೋ ಕಳಿಸುತ್ತ ಕೂರದೆ ಡಾಕ್ಟರ ಬಳಿ ಹೋಗಿ.

ಏಪ್ರಿಲ್–ಮೇ ತಿಂಗಳಲ್ಲಿ ಮೊಣಕೈ ಒಳಮಡಿಕೆ, ಮೊಣಕಾಲ ಹಿಂದು, ಕಂಕುಳ ಪಕ್ಕ, ಇಲ್ಲೆಲ್ಲ ಈ ಫಿಲ್ಮಿಗೆ ದುಡ್ಡು ಹಾಕಬೇಡಿ. ಅರ್ಧ ದಿನಕ್ಕೇ ಸುರುಳಿ ಸುತ್ತಿಕೊಳ್ಳುತ್ತದೆ. ತೆರೆದಿಟ್ಟು ದಿನಕ್ಕೆ ಎರಡು–ಮೂರು ಸಲ ತೊಳೆದು, ಪೂರಾ ಒಣಗಿಸಿ, ಅಂಗೈಯಗಲ ಹಚ್ಚೆಗೆ ಬಟಾಣಿಯಷ್ಟು ವಾಸನೆಯಿಲ್ಲದ ಲೋಷನ್ ಸವರಿದರೆ ಸಾಕು. ಮಿರಮಿರ ಹೊಳೆಯುತ್ತಿದ್ದರೆ ಹೆಚ್ಚಾಯಿತೆಂದೇ ಲೆಕ್ಕ. ಹಕ್ಕಳೆ ನೆನೆದು ಮೆತ್ತಗಾಗಿ ಬಟ್ಟೆಗೆ ಅಂಟಿ ಕಿತ್ತುಬರುತ್ತದೆ, ಬಣ್ಣವನ್ನೂ ಒಯ್ಯುತ್ತದೆ. ಅರಿಸಿನ ಹಚ್ಚಬೇಡಿ, ಅದರ ಹಳದಿಯಡಿ ಚರ್ಮ ಕೆಂಪಾದದ್ದೇ ಕಾಣದು. ಮೆಡಿಕಲ್ಲಿನಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟೆರಾಯ್ಡ್ ಬೆರೆತ ತುರಿಕೆ ಮುಲಾಮಂತೂ ಬೇಡವೇ ಬೇಡ.

ತೆಗೆಯುವಾಗ ಉಗುರುಬೆಚ್ಚನೆ ನೀರಿನಡಿ, ಕೂದಲು ಮಲಗಿದ ದಿಕ್ಕಿಗೆ, ಚರ್ಮಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಹಿಗ್ಗಿಸುತ್ತ ಬನ್ನಿ. ಮೇಲಕ್ಕೆ ಕಿತ್ತರೆ ಎಳೆಚರ್ಮವೂ ಏಳುತ್ತದೆ. ಫಿಲ್ಮ್ ಇದೆಯೆಂದು ಪಣಂಬೂರು, ಮಲ್ಪೆಯಲ್ಲಿ ಸಮುದ್ರಕ್ಕಿಳಿಯಬೇಡಿ. ಸ್ನಾನದ ನೀರು ತಡೆಯುತ್ತದೆ, ಅಲೆಯ ಹೊಡೆತ ತಡೆಯದು. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೋ ಬ್ಯಾಕ್ಟೀರಿಯಾ ಇರುತ್ತದೆ, ಲಿವರ್ ಕಾಯಿಲೆ ಇದ್ದವರಿಗೆ ಅದು ಪ್ರಾಣಕ್ಕೇ ಬರಬಹುದು. ಕೆರೆ, ಈಜುಕೊಳಕ್ಕೂ ಕನಿಷ್ಠ ಮೂರು ವಾರ ರಜೆ.

ಕೊಳ್ಳುವ ಲೆಕ್ಕ: 15 ಸೆಂ.ಮೀ. ಅಗಲದ ರೋಲು 10 ಸೆಂ.ಮೀ. ಅಗಲದ ಚಿತ್ರಕ್ಕೆ ಸರಿಯಾಗುತ್ತದೆ. 15 ಸೆಂ.ಮೀ. ಉದ್ದದ ಹಚ್ಚೆಗೆ ತುಂಡೊಂದಕ್ಕೆ 20 ಸೆಂ.ಮೀ. ಬೇಕು, ಇಲ್ಲಿನ ಹವೆಗೆ ಮೂರು ತುಂಡು ಹಿಡಿದರೂ ಒಂದು ಮೀಟರಿನಲ್ಲಿ 40 ಸೆಂ.ಮೀ. ಉಳಿಯುತ್ತದೆ. ಉಳಿದದ್ದನ್ನು ಬಚ್ಚಲ ಕಪಾಟಿನಲ್ಲಿಡದೆ ಬಿಗಿಮುಚ್ಚಳದ ಡಬ್ಬಿಗೆ ಹಾಕಿಡಿ, ಮಳೆಗಾಲದಲ್ಲಿ ಹಿಂಬದಿಯ ಕಾಗದ ತೇವ ಎಳೆದು ಸುಕ್ಕಾಗುತ್ತದೆ.