ಲಿನಕ್ಸ್ ರೇಡ್‌ನ ‘ಚೆಕ್’: ತಪ್ಪಿದೆ ಎನ್ನುತ್ತದೆ, ಎಲ್ಲಿ ಎನ್ನುವುದಿಲ್ಲ

ತಲಾ 4 ಟೆರಾಬೈಟ್‌ನ ನಾಲ್ಕು ಡಿಸ್ಕ್‌ಗಳನ್ನು ಲಿನಕ್ಸ್‌ನ ಎಂಡಿ ತಂತ್ರಾಂಶದಿಂದ ರೇಡ್ 5 ಆಗಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ) ಜೋಡಿಸಿ ಮನೆಯ ಸರ್ವರ್‌ನಲ್ಲಿ ಎರಡು ವರ್ಷ ಬಳಸಿದ ಮೇಲೆ, ಡಿಸ್ಕ್‌ಗಳನ್ನೆಲ್ಲ ಓದಿ ತಾಳೆ ನೋಡುವ ಅದರ ‘ಚೆಕ್’ ಸೌಲಭ್ಯದ ಬಗ್ಗೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ ಇದು ತಿಂಗಳ ಮೊದಲ ಭಾನುವಾರ ನಾವು ಹೇಳದೆಯೇ ಆರಂಭವಾಗುತ್ತದೆ. ನನ್ನ ಯಂತ್ರದಲ್ಲಿ ಪೂರ್ತಿ ಮುಗಿಯಲು ಸುಮಾರು ಒಂಬತ್ತು ಗಂಟೆ ಬೇಕು.

ಇದರ ನಿಜವಾದ ಉಪಯೋಗ ವರ್ಷಗಟ್ಟಲೆ ಯಾರೂ ಮುಟ್ಟದ ಸೆಕ್ಟರ್‌ಗಳನ್ನೂ (ಡಿಸ್ಕ್‌ನ ಚಿಕ್ಕ ತುಣುಕುಗಳನ್ನೂ) ಓದಿಸುವುದರಲ್ಲಿದೆ. ಓದಲಾಗದ ಸೆಕ್ಟರ್ ಸಿಕ್ಕರೆ ಉಳಿದ ಡಿಸ್ಕ್‌ಗಳ ನೆರವಿನಿಂದ ಅದನ್ನು ಲೆಕ್ಕಹಾಕಿ ಅಲ್ಲಿಯೇ ಮರಳಿ ಬರೆಯುತ್ತದೆ. ಇಂಥದೊಂದು ಸೆಕ್ಟರ್ ಅಡಗಿ ಕುಳಿತಿದ್ದು, ಬೇರೊಂದು ಡಿಸ್ಕ್ ಕೆಟ್ಟು ಹೊಸದನ್ನು ತುಂಬಿಸುತ್ತಿರುವಾಗ ಎದುರಾದರೆ, ರೇಡ್ 5ರ ಬಳಿ ಅದನ್ನು ಮರಳಿ ಪಡೆಯುವ ದಾರಿಯೇ ಇರುವುದಿಲ್ಲ. ಈ ಒಂದು ಕೆಲಸಕ್ಕೇ ಚೆಕ್‌ಗೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ಡಿಸ್ಕ್ ಯಾವ ದೋಷವನ್ನೂ ವರದಿ ಮಾಡದೆ ತಪ್ಪು ಡೇಟಾ ಕೊಟ್ಟಾಗ ಇದು ಸೋಲುತ್ತದೆ. ಡೇಟಾಕ್ಕೂ ಪ್ಯಾರಿಟಿಗೂ (ಕಳೆದುಹೋದದ್ದನ್ನು ಮರಳಿ ಪಡೆಯಲೆಂದು ಡೇಟಾದಿಂದ ಲೆಕ್ಕಹಾಕಿ ಇಟ್ಟ ಮಾಹಿತಿಗೂ) ತಾಳೆಯಾಗದಿದ್ದರೆ ‘ಮಿಸ್‌ಮ್ಯಾಚ್ ಕೌಂಟ್’ ಏರುತ್ತದೆ, ಅಷ್ಟೇ. ಕೆಟ್ಟದ್ದು ಡೇಟಾವೋ ಪ್ಯಾರಿಟಿಯೋ, ಯಾವ ಫೈಲಿನದು ಎಂಬುದು ಎಂಡಿಗೆ ತಿಳಿಯದು. ‘ರಿಪೇರ್’ ಎಂಬ ಆದೇಶ ಕೊಟ್ಟರೆ ಡೇಟಾವೇ ಸರಿಯೆಂದು ನಂಬಿ ಪ್ಯಾರಿಟಿಯನ್ನು ಹೊಸದಾಗಿ ಬರೆದುಬಿಡುತ್ತದೆ (ಹೆಸರು ನೋಡಿ ಮೋಸಹೋಗಬಾರದು). ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲಿ ಇಡುವ ರೇಡ್ 1ರಲ್ಲಿಯಂತೂ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದ್ದರೆ ಅಪಾಯವಿಲ್ಲದೆಯೂ ಈ ಸಂಖ್ಯೆ ಏರಬಹುದು.

ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಇಂಥದೇ ತಪಾಸಣೆ ನಡೆಸುವ ‘ಸ್ಕ್ರಬ್’ ಈ ವಿಷಯದಲ್ಲಿ ಬಹಳ ಮುಂದಿದೆ. ಅಲ್ಲಿ ಪ್ರತಿ ಬ್ಲಾಕಿನ ಚೆಕ್‌ಸಮ್ (ಅದರ ಡೇಟಾದಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಅದನ್ನು ಸೂಚಿಸುವ ಮೇಲಿನ ಬ್ಲಾಕಿನಲ್ಲಿ ಇರುವುದರಿಂದ ತಪ್ಪಿದ ಪ್ರತಿ ಯಾವುದೆಂದು ಗೊತ್ತಾಗುತ್ತದೆ, ಸರಿಯಾದ ಪ್ರತಿಯಿಂದ ಅದು ತಿದ್ದಲ್ಪಡುತ್ತದೆ, ತಿದ್ದಲಾಗದಿದ್ದರೆ ಫೈಲಿನ ಹೆಸರೇ ತೆರೆಯ ಮೇಲೆ ಬರುತ್ತದೆ. ಬಳಕೆಯಲ್ಲಿರುವ ಜಾಗವನ್ನಷ್ಟೇ ಓದುವುದರಿಂದ ಅರ್ಧ ತುಂಬಿದ ಡಿಸ್ಕ್‌ಗಳಲ್ಲಿ ಸಮಯವೂ ಉಳಿಯುತ್ತದೆ. ಹೊಸದಾಗಿ ಸರ್ವರ್ ಕಟ್ಟುವವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಈಗಾಗಲೇ ಎಂಡಿಯಲ್ಲಿ ಇರುವವರು ಚೆಕ್ ನಿಲ್ಲಿಸಬೇಕಿಲ್ಲ, ಜೊತೆಗೆ ಫೈಲುಗಳ ಎಸ್‌ಎಚ್‌ಎ-256 ಚೆಕ್‌ಸಮ್‌ಗಳ ಪಟ್ಟಿಯೊಂದನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬೇಕು. ಕಳೆದ ಬಾರಿ ನನ್ನ ಕೌಂಟ್ 8 ಎಂದು ತೋರಿಸಿದಾಗ ಆ ಪಟ್ಟಿಯೊಡನೆ ಒಂದೊಂದು ಫೈಲನ್ನೂ ಹೋಲಿಸಿದೆ. ಎಲ್ಲವೂ ತಾಳೆಯಾದವು, ಅಂದರೆ ತಪ್ಪು ಪ್ಯಾರಿಟಿಯಲ್ಲೋ ಖಾಲಿ ಜಾಗದಲ್ಲೋ ಇದ್ದಿರಬೇಕು. ಅದಾದ ಮೇಲೆಯೇ ರಿಪೇರ್ ನಡೆಸಿದೆ.