ಆಮದು ಡ್ರಿಲ್, ದೇಶಿ ಡ್ರಿಲ್: ಎರಡನ್ನೂ ಬಳಸಿದ ಮೇಲೆ

ಮರಗೆಲಸಕ್ಕೆ ನಾನು ಎರಡು ಡ್ರಿಲ್ ಮೆಷಿನ್ ಬಳಸಿದ್ದೇನೆ. ಒಂದು ಅಗ್ಗದ ಆಮದು, ಇನ್ನೊಂದು ದೇಶದಲ್ಲೇ ತಯಾರಾದದ್ದು. ಆಮದಿನದು ಹಗುರ, ಹಿಡಿತವೂ ಚೆನ್ನ. ಮರಕ್ಕೆ ತೂತು ಹೊಡೆಯಲು ಎರಡೂ ಒಂದೇ. ಗೋಡೆ ಕೊರೆಯುವಾಗ ಮಾತ್ರ ಆಮದಿನದು ಬೇಗ ಬಿಸಿಯಾಗುತ್ತದೆ.

ನಿಜವಾದ ವ್ಯತ್ಯಾಸ ತಿಳಿದದ್ದು, ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಾಗ. ದೇಶಿ ಡ್ರಿಲ್‌ಗೆ ಹೊಸ ಬ್ರಷ್ ಸಿಕ್ಕಿತು, ಹಾಕಿ ಮತ್ತೆ ಕೆಲಸಕ್ಕೆ ಇಳಿಸಿದೆ. ಆಮದಿನದಕ್ಕೆ ಅಳತೆಗೆ ಕೂರುವ ಬ್ರಷ್ಷೇ ಇಲ್ಲ. ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಅಗ್ಗದ ಆಮದಿನ ಹೊಡೆತಕ್ಕೆ ದೇಶದ ಕಾರ್ಖಾನೆಯೊಂದು ಮುಚ್ಚಿದಾಗಲೂ ಹೀಗೆಯೇ: ಬಿಡಿಭಾಗ, ರಿಪೇರಿ ಬಲ್ಲ ಕೈಗಳು, ಅಚ್ಚು ಕಡೆಯುವ ಟೂಲ್‌ರೂಮ್ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಕೊಂಡ ದಿನದ ಬಿಲ್ಲಿನಲ್ಲಿ ಈ ನಷ್ಟ ಕಾಣುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಸುಮಾರು 1.7 ಕೋಟಿ ಇದ್ದ ಕಾರ್ಖಾನೆ ಉದ್ಯೋಗ 2010ರ ಹೊತ್ತಿಗೆ 1.15 ಕೋಟಿಗೆ ಇಳಿಯಿತು. ಯಂತ್ರಗಳೂ ಆರ್ಥಿಕ ಕುಸಿತವೂ ಅದಕ್ಕೆ ಕಾರಣವೇ. ಆದರೆ ಚೀನಾದ ಸರಕಿನ ಹೊಡೆತ ಪೀಠೋಪಕರಣ, ಬಟ್ಟೆಯಂಥ ಉದ್ಯಮಗಳನ್ನೇ ನೆಚ್ಚಿದ್ದ ಊರುಗಳ ಮೇಲೆ ಹೆಚ್ಚು ಬಿದ್ದದ್ದನ್ನೂ, ಅವು ವರ್ಷಗಟ್ಟಲೆ ಚೇತರಿಸಿಕೊಳ್ಳದಿದ್ದುದನ್ನೂ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು ಅಂಕಿ ಅಂಶ ಇಟ್ಟು ತೋರಿಸಿದ್ದಾರೆ.

ಇಷ್ಟಾದರೂ ಆಮದು ಸುಂಕವನ್ನು ನಾನು ಕಣ್ಣುಮುಚ್ಚಿ ಒಪ್ಪಲಾರೆ. 2018ರಲ್ಲಿ ಅಮೆರಿಕ ಹೊರಗಿನ ವಾಷಿಂಗ್ ಮೆಷಿನ್‌ಗಳ ಮೇಲೆ ಸುಂಕ ಹಾಕಿತು. ಬೆಲೆ ಸುಮಾರು ಶೇ. 12 ಏರಿತು. ಸುಂಕವೇ ಇಲ್ಲದ ಡ್ರೈಯರ್ ಕೂಡ ತುಟ್ಟಿಯಾಯಿತು, ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರಲ್ಲ! ಹುಟ್ಟಿದ ಕೆಲಸಗಳು ಸುಮಾರು 1,800. ಒಂದೊಂದು ಕೆಲಸಕ್ಕೂ ಗ್ರಾಹಕರು ವರ್ಷಕ್ಕೆ ತೆತ್ತದ್ದು 8 ಲಕ್ಷ ಡಾಲರಿಗೂ ಹೆಚ್ಚೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಅದೇ ವರ್ಷ ಉಕ್ಕಿಗೂ ಶೇ. 25 ಸುಂಕ ಬಿತ್ತು. ಉಕ್ಕು ಕರಗಿಸುವವರಿಗೆ ಅದು ರಕ್ಷಣೆ, ಉಕ್ಕು ಕೊಂಡು ಮೊಳೆ, ಸ್ಪ್ಯಾನರ್ ಮಾಡುವವರಿಗೆ ಹೊರೆ. ಸಣ್ಣ ತಯಾರಕರನ್ನು ಉಳಿಸಬೇಕೆನ್ನುವವರು ಇದನ್ನು ಮರೆಯಬಾರದು.

ಪೈಪೋಟಿ ಇಲ್ಲದಿದ್ದರೆ ತಯಾರಕರೂ ಜಡ್ಡುಗಟ್ಟುತ್ತಾರೆ. ನನ್ನ ದೇಶಿ ಡ್ರಿಲ್‌ನ ಸ್ವಿಚ್ ಸಡಿಲ. ಅದೇ ಕಂಪನಿಯ ಹೊಸ ಮಾದರಿಯಲ್ಲೂ ಅದೇ ದೋಷ. ದಕ್ಷಿಣ ಕೊರಿಯಾ 1960, 70ರ ದಶಕಗಳಲ್ಲಿ ತನ್ನ ಉದ್ಯಮಗಳಿಗೆ ಆಸರೆ ಕೊಟ್ಟಿತು, ಜೊತೆಗೇ ರಫ್ತಿನ ಗುರಿಯನ್ನೂ ಮುಂದಿಟ್ಟಿತು. ಹೊರಗಿನ ಮಾರುಕಟ್ಟೆಯಲ್ಲಿ ನಿಲ್ಲಬೇಕಾದ ಸರಕು ಕಳಪೆಯಾಗಿ ಉಳಿಯುವಂತಿರಲಿಲ್ಲ. ನನಗೆ ಒಪ್ಪುವ ರಕ್ಷಣೆ ಇದೊಂದೇ.

ದಿನವೂ ಕೈಯಲ್ಲಿ ಹಿಡಿಯುವ ಉಪಕರಣವಾದರೆ, ಬಿಡಿಭಾಗ ಸಿಗುತ್ತದೆಂದು ಖಾತ್ರಿ ಮಾಡಿಕೊಂಡು ದೇಶಿಯದನ್ನೇ ತೆಗೆದುಕೊಳ್ಳಿ. ಎಂದೋ ಒಮ್ಮೆ ಬೇಕಾಗುವುದಕ್ಕೆ ಆಮದಿನದು ಸಾಕು.