ಇ-ಬರ್ಡ್, ಐ-ನ್ಯಾಚುರಲಿಸ್ಟ್, ಸೀಸನ್‌ವಾಚ್: ಕೊಪ್ಪಳದಲ್ಲಿ ಯಾರಿಗೆ ಯಾವುದು?

ಸುತ್ತಮುತ್ತ ಕಂಡ ಜೀವಿಗಳನ್ನು ನಾವೇ ದಾಖಲಿಸುವ ಆ್ಯಪ್‌ಗಳಿವು: ಇ-ಬರ್ಡ್ ಹಕ್ಕಿಗೆ, ಐ-ನ್ಯಾಚುರಲಿಸ್ಟ್ ಎಲ್ಲ ಜೀವಿಗಳಿಗೆ, ಸೀಸನ್‌ವಾಚ್ ಮರಕ್ಕೆ. ಮೂರೂ ಪುಕ್ಕಟೆ. ಖರ್ಚು ಬೀಳುವುದು ಇ-ಬರ್ಡ್‌ಗೆ, ಅದೂ ದುರ್ಬೀನಿಗೆ. ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತು ದೂರದಿಂದ ಬರಿಗಣ್ಣಿಗೆ ಚುಕ್ಕಿ ಅಷ್ಟೇ. ಹಕ್ಕಿ ಗುರುತಿಸಬೇಕು, ಎಣಿಸಬೇಕು, ಎಷ್ಟು ಹೊತ್ತು ನೋಡಿದಿರಿ ಎಂದೂ ಬರೆಯಬೇಕು. ಆದರೆ ನೆಟ್‌ವರ್ಕ್ ಇಲ್ಲದ ಕಡೆಯೂ ಪಟ್ಟಿ ಮಾಡಬಹುದು.

ಹೆಸರೇ ಗೊತ್ತಿಲ್ಲದವರಿಗೆ ಐ-ನ್ಯಾಚುರಲಿಸ್ಟ್ ಸಲೀಸು. ಹೊಲದ ಬದುವಿನ ಹುಳ, ಹೂ, ಓತಿಕ್ಯಾತದ ಫೋಟೊ ಹಾಕಿ. ಗುರುತಿಸಲು ಬೇರೆಯವರು ನೆರವಾಗುತ್ತಾರೆ. ದೂರದ ಹಕ್ಕಿ ಮಾತ್ರ ಮೊಬೈಲಿಗೆ ಸಿಗುವುದಿಲ್ಲ.

ತಿರುಗಾಡಲು ಪುರುಸೊತ್ತಿಲ್ಲವೇ? ಸೀಸನ್‌ವಾಚ್ ನೋಡಿ. ಮನೆ ಹತ್ತಿರದ ಹುಣಸೆ ಮರ ಸಾಕು. ವಾರಕ್ಕೊಮ್ಮೆ ಎಲೆ, ಹೂ, ಕಾಯಿ ಎಷ್ಟಿದೆ ಎಂದು ದಾಖಲಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಇದೇ ವಾಸಿ, ಅಲ್ವಾ? ವಾರ ತಪ್ಪಿಸುವ ಸ್ವಭಾವದವರಿಗೆ ಬೇಡ. ಶಾಲೆ ಮಕ್ಕಳ ಜೊತೆ ಮಾಡುವುದಾದರೆ ನಾನು ಇದನ್ನೇ ಹೇಳುತ್ತೇನೆ.